ಮಂದಾಕಿನಿಯ ಮೊಣಕಾಲು

ನೀರು ಸುರಿಯುತ್ತಿದ್ದ ಲಕ್ಷ್ಮೀಬಾಯಿಯ ಕೈ ಅರ್ಧಕ್ಕೇ ನಿಂತಿತು. ತಂಬಿಗೆ ಓರೆಯಾಗಿ ಉಳಿದ ನೀರು ಅವಳ ಕಾಲಿನ ಮೇಲೆಯೇ ಚೆಲ್ಲಿತು.

ಹಿತ್ತಲಿನಲ್ಲಿ ಹಳೆಯ ಸೀರೆಗಳನ್ನು ಕಟ್ಟಿ ಮರೆ ಮಾಡಿದ್ದರು. ಮರೆಯೊಳಗೆ ಹಲಗೆಯ ಮೇಲೆ ಮಂದಾಕಿನಿಯ ದೇಹ. ತಲೆಯ ಕಡೆ ಮಗಳು ಋತುಜಾ, ಕಾಲ ಕಡೆ ಸೋದರಮಾವ ದತ್ತುವಿನ ಹೆಂಡತಿ ಲಕ್ಷ್ಮೀಬಾಯಿ, ನಡುವೆ ಪಕ್ಕದ ಮನೆಯ ದೇಸಾಯಿ ಬಾಯಿ. ಮುತ್ತೈದೆಯಾಗಿ ಹೋದವಳಿಗೆ ಕೊನೆಯ ಸೀರೆ ತವರಿನದೇ ಆಗಬೇಕು. ದತ್ತು ಅದನ್ನು ಹೊತ್ತು ಮೂಡುವುದಕ್ಕೆ ಮೊದಲೇ ಗದಗಿನಿಂದ ತಂದು, ಅಂಗಳದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ.

"ಇದೇನವಾ ಇದು?" ಅಂದಳು ಲಕ್ಷ್ಮೀಬಾಯಿ.

ಎಡಗಡೆಯ ಸೊಂಟದಿಂದ ತೊಡೆಯವರೆಗೆ ತಾಟಿನಗಲ ರಕ್ತ ಹೆಪ್ಪುಗಟ್ಟಿ ನೀಲಿಯಾಗಿತ್ತು. ಮೊಣಕಾಲಿನ ಚರ್ಮ ಹಲವು ಸಲ ಹರಿದು ಕೂಡಿದ ಹಾಗೆ ಹೊಳೆಯುತ್ತಿತ್ತು. ಕಣಕಾಲಿನ ಮೇಲೆ ಸಾಲಾಗಿ ಚುಚ್ಚಿದ ಕಲೆಗಳು. ಕೊರಳ ಕೆಳಗಿನ ಎಲುಬು ಮುರಿದು ಕೂಡಿದಲ್ಲಿ ಗಂಟು.

"ಹಳೇವೂ ಅವ, ಹೊಸಾವೂ ಅವ," ಲಕ್ಷ್ಮೀಬಾಯಿಯ ದನಿ ಸಣ್ಣದಾಗಿತ್ತು. "ಒಂದ ದಿವಸಿನ್ವು ಅಲ್ಲ ಇವು."

"ಮಾಮಿ, ಅವು..." ಋತುಜಾ ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಗದಗಿನವರಿಗೆ ಹೇಳಬಾರದೆಂದು ಅಮ್ಮ ಮನೆಯವರೆಲ್ಲರಿಂದ ಮಾತು ತೆಗೆದುಕೊಂಡಿದ್ದಳು. ಆ ಮಾತು ಇನ್ನೂ ನಡೆಯುತ್ತದೆಯೋ ಇಲ್ಲವೋ ಎಂದು ಕೇಳೋಣವೆಂದರೆ ಅಮ್ಮನ ಬಾಯಿಯಲ್ಲಿ ತುಳಸಿ ಇತ್ತು.

"ಬಿಂದುರಾಯರು ಅಂಥವರಲ್ಲ ಬಿಡ್ರಿ," ದೇಸಾಯಿ ಬಾಯಿ ತಡವರಿಸಿದಳು. "ಓಣ್ಯಾಗ ಒಂದಿನಾ ಅವರ ದನಿ ಕೇಳಿಲ್ಲ."

"ಓಣ್ಯಾಗ ಯಾರದೂ ಕೇಳೂದಿಲ್ರಿ," ಅಂದಳು ಲಕ್ಷ್ಮೀಬಾಯಿ.

ಸೀರೆಯ ಮರೆಗೆ ಮಾತನ್ನು ತಡೆಯುವ ಶಕ್ತಿ ಎಲ್ಲಿಯದು. ಅಂಗಳದಲ್ಲಿ ಯಾರೋ ಧಡಕ್ಕನೆ ಎದ್ದ ಸದ್ದಾಯಿತು.

ಋತುಜಾ ಒದ್ದೆ ಕಾಲಲ್ಲಿ ಓಡಿ ಬರುವಷ್ಟರಲ್ಲಿ ಅಪ್ಪ ಬಿಂದುಮಾಧವನ ಕನ್ನಡಕ ತುಳಸಿಕಟ್ಟೆಯ ಹತ್ತಿರ ಬಿದ್ದಿತ್ತು. ದತ್ತು ಅವನ ಕೊರಳಿಗೆ ಕೈ ಹಾಕಿ ಗೋಡೆಗೆ ಆನಿಸಿ, ಇನ್ನೊಂದು ಕೈಯಿಂದ ಮುಖಕ್ಕೆ ಹೊಡೆಯುತ್ತಿದ್ದ. ಬಿಡಿಸಲು ಹೋದ ಋತುಜಾಳ ತಮ್ಮ ಕೇದಾರನನ್ನು ಮೊಣಕೈಯಿಂದ ತಿವಿದ. ಕೇದಾರ ಚಟ್ಟ ಕಟ್ಟಲು ತಂದ ಬಿದಿರಿನ ಮೇಲೆ ಹೋಗಿ ಬಿದ್ದ.

"ಹೊಡದೀಯೋ ಇಲ್ಲೋ ನನ್ನ ತಂಗೀನ್ನ?"

"ಇಲ್ಲ."

"ಮತ್ತ ಮೈತುಂಬ ಹೆಂಗ ಬಂದ್ವು?"

ಬಿಂದುಮಾಧವ ನೆಲ ನೋಡಿದ. ತುಟಿ ಒಡೆದು ರಕ್ತ ಗದ್ದಕ್ಕೆ ಇಳಿಯುತ್ತಿತ್ತು. ಅವನೂ ಮಾತು ಕೊಟ್ಟವನೇ.

"ನೋಡ್ರಿ ಎಲ್ಲಾರೂ, ಬಾಯೇ ಇಲ್ಲ ಇವಂಗ." ದತ್ತು ಕೆಳಗೆ ಬಿದ್ದಿದ್ದ ಸೀರೆಯನ್ನು ಎತ್ತಿ ಕಂಕುಳಲ್ಲಿ ಅವುಚಿಕೊಂಡ. "ಈ ಸೀರಿ ಉಡಸೂದಿಲ್ಲ. ಹೆಣಾ ಏಳೂದಿಲ್ಲ. ಪೊಲೀಸರು ಬರ್ಲಿ, ಸಿವಿಲ್ ಆಸ್ಪತ್ರ್ಯಾಗ ಕೊಯ್ದು ನೋಡ್ಲಿ. ಆಮ್ಯಾಲೆ ಇವನ ಕೈಗೆ ಬೇಡಿ, ಆಮ್ಯಾಲೆ ಅಕಿಗೆ ಬೆಂಕಿ."

ಅವನು ಕಿಸೆಯಿಂದ ಫೋನು ತೆಗೆದ.

*

ಐದು ವರ್ಷದ ಹಿಂದೆ ಸೈಕಲ್ಲಿನಿಂದ ಬಿದ್ದು ಮಂದಾಕಿನಿಯ ಕೊರಳೆಲುಬು ಮುರಿದಾಗಲೂ ದತ್ತು ಹೀಗೇ ಬಂದಿದ್ದ. ಆಸ್ಪತ್ರೆಯಲ್ಲಿ ತಂಗಿಯ ಮುಖ ನೋಡಿ, ನೇರ ಮನೆಗೆ ಹೋಗಿ, ಅವಳ ಸೈಕಲ್ಲನ್ನು ಅಂಗಳಕ್ಕೆ ಎಳೆದು, ಒಗೆಯುವ ಕಲ್ಲನ್ನು ಎತ್ತಿ ಅದರ ಮೇಲೆ ಹಾಕಿದ. ಗಾಲಿಯ ಕಡ್ಡಿಗಳು ಟಿಣ್ ಟಿಣ್ ಎಂದು ಹಾರುತ್ತಿದ್ದರೆ ಋತುಜಾ ಕೇದಾರನ ಕಣ್ಣು ಮುಚ್ಚಿ ನಿಂತಿದ್ದಳು. "ಎರಡು ಮಕ್ಕಳ ತಾಯಿ ಗುಡ್ಡಾ ಇಳೀಲಿಕ್ಕೆ ಹೋಗ್ತಾಳಂತ, ಗುಡ್ಡಾ," ಎನ್ನುತ್ತ ಮತ್ತೆ ಮತ್ತೆ ಕಲ್ಲು ಎತ್ತಿದ್ದ. ಮರುದಿನ ತನ್ನ ತಲೆಯ ಮೇಲೆ ತಂಗಿಯ ಕೈ ಇಟ್ಟುಕೊಂಡು ಆಣೆ ಹಾಕಿಸಿದ.

ಕೈಪಟ್ಟಿ ಬಿಚ್ಚಿದ ವಾರವೇ ಮಂದಾಕಿನಿ ಆ ಸೊಟ್ಟ ಸೈಕಲ್ಲನ್ನು ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ಹುಬ್ಬಳ್ಳಿಯ ಹಫೀಜನ ಅಂಗಡಿಗೆ ಒಯ್ದಳು. "ಬಾಯಾರ, ಇದರ ಮ್ಯಾಲ ಲಾರಿ ಹೋತೇನ್ರಿ?" ಅಂದನಂತೆ ಅವನು. "ನಮ್ಮಣ್ಣ ಹೋದ," ಅಂದಳಂತೆ ಇವಳು. ಆ ಮಾತನ್ನು ತಿಂಗಳುಗಟ್ಟಲೆ ಹೇಳಿ ನಗುತ್ತಿದ್ದಳು.

ವಾರವೆಲ್ಲ ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಮುದ್ರೆ ಒತ್ತುವ ಹೆಂಗಸು ರವಿವಾರ ಬಂದರೆ ಬೇರೆಯೇ. ಗಂಡನನ್ನೂ ಮಕ್ಕಳನ್ನೂ ಎಬ್ಬಿಸಿ, ಅವಲಕ್ಕಿ ಕಟ್ಟಿಕೊಂಡು, ನಾಲ್ಕು ಸೈಕಲ್ಲು ಊರಾಚೆಯ ಅತ್ತಿಕೊಳ್ಳ ಎಂಬಲ್ಲಿನ ಗುಡ್ಡ ಹತ್ತಬೇಕು. ಇಳಿಯುವಾಗ ಮುಂದೆ ಅವಳೇ. ಕೆಮ್ಮಣ್ಣು, ಉರುಟು ಕಲ್ಲು, ಮುಳ್ಳಿನ ಪೊದೆ. ಬಿದ್ದರೆ ಹಲ್ಲಿನ ಮೇಲೂ ಕೆಂಪು ಧೂಳು ಮೆತ್ತಿಕೊಂಡು ನಗುತ್ತ ಏಳುತ್ತಿದ್ದಳು. ಬಿಂದುಮಾಧವನಿಗೆ ಮೊದಲು ಹೆದರಿಕೆ ಇತ್ತು. ಹೆಂಡತಿಯ ಹಿಂದೆ ಬಿದ್ದು ಬಿದ್ದೇ ಅದು ಹೋಯಿತು.

ಹೋದ ರವಿವಾರ ಹೊಸ ಕೊರಕಲೊಂದರಲ್ಲಿ ಮೊದಲು ಇಳಿದವಳು ಋತುಜಾ. ಕೆಳಗೆ ನಿಂತು ಕೂಗಿದಳು: "ಬಾರ ಅಮ್ಮಾ, ಏನೂ ಆಗೂದಿಲ್ಲ." ಅಮ್ಮ ಬಂದಳು, ಬಿದ್ದಳು, ಎದ್ದು ಸೊಂಟ ತಿಕ್ಕಿಕೊಂಡಳು. ಶುಕ್ರವಾರ ಸಂಜೆ ಮೆದುಳಿನ ನರ ಒಡೆಯಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ಋತುಜಾ ಮತ್ತೊಮ್ಮೆ ಕೇಳಿದಳು. ಮತ್ತೆ ಇಲ್ಲ ಎಂದರು. ಮೂರನೆಯ ಸಲ ಕೇಳಲು ಧೈರ್ಯವಾಗಲಿಲ್ಲ.

*

"ಮಾಮಾ, ಫೋನ್ ಇಡ್ರಿ," ಅಂದಳು ಋತುಜಾ. "ಅಮ್ಮ ಸೈಕಲ್ ಬಿಟ್ಟಿರ್ಲಿಲ್ಲ."

"ಸುಳ್ಳು ಹೇಳಬ್ಯಾಡ. ನನ್ನ ತಲೀ ಮುಟ್ಟಿ ಆಣಿ ಮಾಡ್ಯಾಳ ಅಕಿ."

ಹೇಳಿ ತಿಳಿಯುವ ಹೊತ್ತಲ್ಲ ಎಂದು ಅವಳಿಗೆ ಅನ್ನಿಸಿತು. ಅಷ್ಟು ಗಂಡಸರ ಮುಂದೆ ಬಗ್ಗಿ ಚೂಡಿದಾರದ ಕಾಲನ್ನು ಮೊಣಕಾಲಿನವರೆಗೆ ಎತ್ತಿದಳು. ಕಣಕಾಲಿನ ಮೇಲೆ ಸಾಲಾಗಿ ಅದೇ ಕಲೆಗಳು. ಮೊಣಕಾಲಿನಲ್ಲಿ ಅದೇ ಹೊಳಪು.

ದತ್ತು ನೋಡಿದ. ಅವನ ಮುಖ ಸಡಿಲವಾಗಲಿಲ್ಲ, ಇನ್ನೂ ಕಪ್ಪಾಯಿತು.

"ಮಗಳನ್ನೂ ಬಿಟ್ಟಿಲ್ಲೇನೋ, ರಾಕ್ಷಸಾ?"

ಫೋನು ಬಿಸಾಕಿ ಕೆಳಗಿದ್ದ ಬಿದಿರು ಎತ್ತಿಕೊಂಡ. ಮೊದಲ ಏಟು ಬಿಂದುಮಾಧವನ ಬೆನ್ನಿಗೆ, ಎರಡನೆಯದು ಭುಜಕ್ಕೆ. ಬಿದಿರು ಸೀಳಿತು. ಸೀಳಿದ ಬಿದಿರಿನಿಂದಲೇ ಮತ್ತೆ ಹೊಡೆದ. ಬಿಂದುಮಾಧವ ಮೊಣಕಾಲೂರಿ ಕುಸಿದ.

"ಚಟ್ಟದ ಬಿದರ್ರೀ ಅದು, ಚಟ್ಟದ್ದು," ಎನ್ನುತ್ತ ಕ್ರಿಯೆಗೆ ಬಂದಿದ್ದ ಆಚಾರ್ಯರು ದರ್ಭೆ ಹಿಡಿದುಕೊಂಡೇ ಹಿಂದೆ ಸರಿದರು.

ಕೇದಾರ ಅಪ್ಪನನ್ನು ರಟ್ಟೆ ಹಿಡಿದು ಎಳೆದ. ಎಳೆಯುವ ರಭಸಕ್ಕೆ ಒದ್ದೆ ಧೋತರ ತೊಡೆಯವರೆಗೆ ಸರಿಯಿತು. ಹೊಡೆಯಲು ಎತ್ತಿದ್ದ ದತ್ತುವಿನ ಕೈ ಮೇಲೆಯೇ ನಿಂತಿತು.

ಬಿಂದುಮಾಧವನ ಬಿಳಿಚಿದ ಕಾಲುಗಳ ಮೇಲೆ ಅದೇ ಸಾಲು ಕಲೆಗಳು, ಹೆಂಡತಿಗಿಂತ ಎರಡು ಪಟ್ಟು. ಮೊಣಕಾಲಿನ ಸುತ್ತ ಹೊಲಿಗೆಯ ಗುರುತು.

ಆಚಾರ್ಯರು ಬಗ್ಗಿ ನೋಡಿ ಕೇಳಿದರು: "ದತ್ತೋಪಂತ್ರ, ಹಂಗಾರ ಇವರನ್ನ ಯಾರು ಹೊಡದ್ರು?"

ಹಿಂದೆ ಯಾರೋ ನಕ್ಕು, ಕೆಮ್ಮಿ ಮುಚ್ಚಿಕೊಂಡರು.

"ಪೆಡಲ್ಲಿಗೆ ಹಲ್ಲು ಇರ್ತಾವ, ಮಾಮಾ," ಋತುಜಾ ಹೇಳಿದಳು. "ಕಾಲು ಜಾರಿದ್ರ ಹಿಂಗ ಕಡೀತಾವ. ಕೇದಾರನ ಕಾಲಾಗೂ ಅವ, ನೋಡ್ರಿ. ಅಮ್ಮನ ತೊಡೀ ಮ್ಯಾಲಿಂದು ಹೋದ ರವಿವಾರದ್ದು. ನಾ ಕರದೆ ಅಂತ ಬಂದ್ಲು. ಹೊಡೀಬೇಕಂದ್ರ ನನ್ನ ಹೊಡೀರಿ."

ದತ್ತು ಬಿದಿರನ್ನು ಕೆಳಗೆ ಬಿಟ್ಟು ಕಟ್ಟೆಯ ಮೇಲೆ ಕುಳಿತ. "ನನ್ನ ಆಣಿ ಮುರದ್ಲು," ಅಂದ. ಕಂಕುಳ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ನಂಗೊಂದು ಮಾತು ಹೇಳ್ಲಿಲ್ಲ," ಅಂದ.

"ಹೆಂಗ ಹೇಳ್ತಾಳ," ಬಿಂದುಮಾಧವ ನೆಲದ ಮೇಲೆ ಕನ್ನಡಕ ತಡವುತ್ತ ಹೇಳಿದ. "ಸೀರಿ ಕೊಡ್ರಿ. ಹೊತ್ತಾತು, ಅಕಿ ಒದ್ದಿ ಮೈಲೇ ಇದ್ದಾಳ."

ದತ್ತು ಯಾರ ಮುಖವನ್ನೂ ನೋಡದೆ ಸೀರೆಯನ್ನು ಸೋದರ ಸೊಸೆಯ ಕೈಗೆ ಇಟ್ಟ.

*

ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಬೇರೆ ಬಿದಿರು ತಂದು ಕಟ್ಟಿ, ಗಂಡಸರು ಹೊರಟರು. ಮುಂದೆ ಬೆಂಕಿಯ ಗಡಿಗೆ ಹಿಡಿದ ಬಿಂದುಮಾಧವ ಕುಂಟುತ್ತಿದ್ದ. ಹೆಂಗಸರು ಮನೆ ತೊಳೆಯಲು ಉಳಿದರು.

ಋತುಜಾ ಕಸಬರಿಗೆ ಹಿಡಿದು ಹಿತ್ತಲಿಗೆ ಬಂದಾಗ ಲಕ್ಷ್ಮೀಬಾಯಿ ನಳದ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು.

"ಖರೇನ ಬಿದ್ದದ್ದ ಅವು?" ಕೇಳಿದಳು.

"ಖರೇನ, ಮಾಮಿ."

"ಒಂದೂ ಯಾರೂ ಹೊಡದದ್ದಲ್ಲ?"

"ಒಂದೂ ಅಲ್ಲ."

"ಛಲೋ ಆತು," ಅಂದಳು ಲಕ್ಷ್ಮೀಬಾಯಿ.

ನಳ ತಿರುವಿ, ಬಳೆಗಳನ್ನು ಮೊಣಕೈವರೆಗೆ ಏರಿಸಿ, ಕೈ ತೊಳೆಯತೊಡಗಿದಳು. ಮಣಿಕಟ್ಟಿನ ಮೇಲೆ ನಾಲ್ಕು ಬೆರಳು ಒತ್ತಿ ಹಿಡಿದ ಗುರುತು ನೀಲಿಯಾಗಿ ಸಾಲಾಗಿತ್ತು. ಮಗ್ಗುಲಿಗೆ ಹೆಬ್ಬೆರಳಿನದು. ಅದರ ಮೇಲೆ, ಹಳದಿಗೆ ತಿರುಗಿದ ಇನ್ನೊಂದು ಸಾಲು. ಓಣಿಯ ತಿರುವಿನಿಂದ ಗೋವಿಂದನ ನಾಮ ಕೇಳಿಸುತ್ತಿತ್ತು. ಎಲ್ಲರಿಗಿಂತ ದತ್ತುವಿನ ದನಿಯೇ ದೊಡ್ಡದಿತ್ತು.

ಲಕ್ಷ್ಮೀಬಾಯಿ ನಳ ನಿಲ್ಲಿಸಿ, ಬಳೆಗಳನ್ನು ಒಂದೊಂದಾಗಿ ಕೆಳಗೆ ಇಳಿಸಿಕೊಂಡಳು.