ಮೂರನೆಯ ಹಾಡು ಕೇಳದೆ ಡಿಸ್ಕ್ ಕೊಡುವುದಿಲ್ಲ

ನಮ್ಮ ಅಂಗಡಿಯಲ್ಲಿ ಒಂದು ನಿಯಮವಿದೆ. ಮೂರನೆಯ ಹಾಡು ಕೇಳದೆ ಯಾರಿಗೂ ಡಿಸ್ಕ್ ಕೊಡುವುದಿಲ್ಲ. ಮೊದಲನೆಯದನ್ನು ಎಂಥವನೂ ಚೆನ್ನಾಗಿ ಮಾಡಿರುತ್ತಾನೆ, ಎರಡನೆಯದು ಅದೇ ಗಾಳಿಯಲ್ಲಿ ಸಾಗಿಬಿಡುತ್ತದೆ. ಬಂಡವಾಳ ಬಯಲಾಗುವುದು ಮೂರನೆಯದರಲ್ಲಿ. ಇದಕ್ಕೆಂದೇ ಹಲ್ಲಿನ ಡಾಕ್ಟರೊಬ್ಬರ ಹಳೆಯ ಕುರ್ಚಿ ಕೊಂಡು ಕಿಟಕಿಯ ಪಕ್ಕ ಹಾಕಿದ್ದೇನೆ. ಗಿರಾಕಿ ಅದರಲ್ಲಿ ಒರಗಿ, ಹೆಡ್‌ಫೋನ್ ಹಾಕಿಕೊಂಡು, ಹಾಡು ಮುಗಿಯುವ ತನಕ ಬಾಯಿ ಮುಚ್ಚಿಕೊಂಡಿರಬೇಕು. ಆಮೇಲೆ ಬೇಡವೆಂದರೂ ನನಗೆ ಬೇಜಾರಿಲ್ಲ.

ಒಂದು ಕಾಲದಲ್ಲಿ ಈ ಕುರ್ಚಿಗೆ ಸಾಲು ನಿಲ್ಲುತ್ತಿತ್ತು. ಈಗ ರ‍್ಯಾಪ್ ಎಲ್ಲ ಫೋನಿನಲ್ಲೇ ಬರುತ್ತದೆ, ಅದೂ ಪುಕ್ಕಟೆ. ಊರಿನ ಐದು ಅಂಗಡಿಗಳಲ್ಲಿ ನಾಲ್ಕು ಬಾಗಿಲು ಹಾಕಿದವು, ಒಂದರಲ್ಲಿ ಈಗ ಚಪ್ಪಲಿ ಮಾರುತ್ತಾರೆ. ಉಳಿದವಳು ನಾನೊಬ್ಬಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಮ್ಮ ಅಕ್ಕ ಹಂಗಿಸುತ್ತಲೇ ಇರುತ್ತಾಳೆ.

ಸೋಮವಾರ ಪೆಟ್ಟಿಗೆಯವನು ಬಂದ. ಕಂಪನಿಯಿಂದ ಡಿಸ್ಕುಗಳನ್ನು ಹೊತ್ತು ತರುವವನು, ಹದಿನೈದು ವರ್ಷದ ಪರಿಚಯ. ನಮ್ಮೂರಿನವನೇ ಆದ ರ‍್ಯಾಪ್ ಹಾಡುಗಾರ ಸಿಡಿಲನ ಹೊಸ ಆಲ್ಬಮ್, ನಲವತ್ತು ಪ್ರತಿ ಇಳಿಸಿ, ನನ್ನ ಮುಖ ನೋಡದೆ ಹೇಳಿದ.

"ಅಕ್ಕಾ, ಶನಿವಾರದೊಳಗೆ ನಲವತ್ತೂ ಹೋಗಬೇಕಂತೆ. ಹಾಡೋವನ ಮನೆಯವರು ಕೊಂಡಿದ್ದು ಲೆಕ್ಕಕ್ಕಿಲ್ಲ. ಹೋಗ್ಲಿಲ್ಲ ಅಂದ್ರೆ ಈ ಊರಿಗೆ ಇನ್ನು ಡಿಸ್ಕ್ ಬರಲ್ಲ, ಸಿಡಿಲನಿಗೆ ಇನ್ನೊಂದು ಆಲ್ಬಮ್ಮೂ ಇಲ್ಲ."

"ಕಪಾಟಲ್ಲಿ ಏನಿಡ್ಲಿ ಮತ್ತೆ? ನಿನ್ನ ತಲೆನಾ?"

"ಫೋನ್ ಕವರ್ ಇಡಿ. ಚೆನ್ನಾಗಿ ಹೋಗ್ತವೆ."

ಆವತ್ತು ಅವನಿಗೆ ಟೀ ಕೊಡಲಿಲ್ಲ.

ಗುರುವಾರದ ತನಕ ಹೋದದ್ದು ಮೂರೇ ಮೂರು. ಶುಕ್ರವಾರ ಕಪ್ಪು ಕನ್ನಡಕ ಹಾಕಿ, ಮೂಗಿನವರೆಗೆ ಮಫ್ಲರ್ ಸುತ್ತಿಕೊಂಡ ಒಬ್ಬ ಬಂದು ಹತ್ತು ಪ್ರತಿ ಕೇಳಿದ. ತಲೆಯ ಮೇಲೆ ಆಲ್ಬಮ್ಮಿನ ಮುಖಪುಟದಲ್ಲಿದ್ದ ಟೋಪಿಯೇ ಇತ್ತು.

"ಮೊದಲು ಹಾಡು ಕೇಳು," ಎಂದೆ.

"ನಂಗೆ ಗೊತ್ತಿರೋ ಹಾಡೇ."

"ಗೊತ್ತಿಲ್ದೆ ಏನಪ್ಪ, ನೀನೇ ಹಾಡಿದ್ದಲ್ವಾ? ನಡಿ ಮನೆಗೆ."

ಹಾಡಿನಲ್ಲಿ ಊರನ್ನೇ ಸುಡುವ ಸಿಡಿಲ "ಸರಿ ಆಂಟಿ" ಎಂದು ತಲೆ ತಗ್ಗಿಸಿಕೊಂಡು ಹೋದ.

ಶನಿವಾರ ಬಾಗಿಲು ತೆಗೆಯುತ್ತಿದ್ದ ಹಾಗೆ ದೊಡ್ಡ ಚೀಲ ಹಿಡಿದ ಹೆಂಗಸೊಬ್ಬರು ಬಂದರು.

"ಸಿಡಿಲಂದು ಇಪ್ಪತ್ತು ಕೊಡಿ. ನಾನು ಅವನಿಗೆ ಏನೂ ಆಗ್ಬೇಕಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಇಲ್ಲಿ ಕಳ್ಳ ಎಂದು ಇನ್ನೂ ಯಾರೂ ಅಂದಿರಲಿಲ್ಲ. ಮೂಗು, ಗಲ್ಲ ಎಲ್ಲ ಸಿಡಿಲನವೇ. ಹೋಗಲಿ, ಕಂಡೂ ಕಾಣದ ಹಾಗೆ ಇದ್ದುಬಿಡೋಣ ಎಂದುಕೊಂಡೆ. ಕುರ್ಚಿಯ ನಿಯಮ ಮಾತ್ರ ಬಿಡಲಿಲ್ಲ.

"ಅಯ್ಯೋ, ಕೇಳ್ಬೇಡ ಅಂದಿದಾನೆ... ಅಂದ್ರೆ, ನಂಗಿದೆಲ್ಲ ಅರ್ಥ ಆಗಲ್ಲ."

"ಪರವಾಗಿಲ್ಲ, ಕೂತ್ಕೊಳ್ಳಿ."

ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಸ್ವಲ್ಪ ಹೊತ್ತು ಪಾದ ತಾಳ ಹಾಕಿತು. ಹೆತ್ತವರಿಗೆ ಹೆಗ್ಗಣ ಮುದ್ದು. ಆಮೇಲೆ ತಾಳ ನಿಂತಿತು. ಅಲ್ಲಿ ಏನು ಬರುತ್ತದೆಂದು ನನಗೆ ಗೊತ್ತಿತ್ತು: "ನಂಗೇಳು ವರ್ಷಕ್ಕೇ ಸತ್ತಳು ತಾಯಿ, ಸಾಕಿದ್ದು ಬೀದಿ ನಾಯಿ."

ಹೆಡ್‌ಫೋನ್ ತೆಗೆದು ನನ್ನನ್ನೇ ನೋಡಿದರು. "ನಾನು ಸತ್ತಿದೀನಾ?"

"ಹಾಡಲ್ಲಿ ಮಾತ್ರ."

"ಹನ್ನೊಂದು ವರ್ಷದ ತನಕ ನಾನು ತುತ್ತು ಮಾಡಿ ಇಡದೆ ಉಂಡವನಲ್ಲ ಅವನು! ನಾಯಿ ಕಂಡ್ರೆ ನನ್ನ ಬೆನ್ನ ಹಿಂದೆ ಅಡಗ್ತಿದ್ದ. ಇವನನ್ನ ನಾಯಿ ಸಾಕ್ತಾ?"

ಇಪ್ಪತ್ತು ಡಿಸ್ಕಿನ ಮಾತೇ ಮರೆತುಹೋಯಿತು. ಸೀದಾ ಬಾಗಿಲಿಗೆ ಹೋಗಿ, ದಾರಿಯಲ್ಲಿ ಹೋಗುತ್ತಿದ್ದವನೊಬ್ಬನ ತೋಳು ಹಿಡಿದರು. "ಬಾಪ್ಪ ಇಲ್ಲಿ. ನಾನು ಸತ್ತಿರೋ ಹಾಡು ಕೇಳು, ಆಮೇಲೆ ನನ್ನ ಮುಖ ನೋಡು."

ಅವನು ಕೇಳಿದ, ನೋಡಿದ, ಬಿದ್ದು ಬಿದ್ದು ನಕ್ಕ, ಒಂದು ಕೊಂಡ. ಆಕೆ ನನ್ನ ಪೆನ್ನು ಕಿತ್ತುಕೊಂಡು ಅದರ ಮುಖಪುಟದ ಮೇಲೆ "ಇನ್ನೂ ಬದುಕಿದ್ದೇನೆ, ತಾಯಿ" ಎಂದು ಬರೆದುಕೊಟ್ಟರು. ಅದು ಫೋನಿನಲ್ಲಿ ಬರುವುದಿಲ್ಲವಲ್ಲ! ಮಧ್ಯಾಹ್ನದ ಹೊತ್ತಿಗೆ ಸಾಲು ಚಪ್ಪಲಿ ಅಂಗಡಿಯ ತನಕ ಬೆಳೆದಿತ್ತು. ಸಂಜೆ ನಾಲ್ಕಕ್ಕೆ ಜನ ಕರಗಿದಾಗ ಕಪಾಟಿನಲ್ಲಿ ಉಳಿದದ್ದು ಒಂದೇ ಒಂದು.

ಆಗಲೇ ಪೆಟ್ಟಿಗೆಯವನು ಬಂದ. ಅವನ ಹಿಂದೆಯೇ ಸಿಡಿಲ, ಇಂಗು ತಿಂದ ಮಂಗನ ಮುಖ ಮಾಡಿಕೊಂಡು. ಬೀದಿಯೆಲ್ಲ ಸುದ್ದಿಯಾಗಿತ್ತು.

"ಅದೊಂದು ನಂಗೆ ಕೊಡಿ," ಎಂದರು ಆಕೆ.

ಪೆಟ್ಟಿಗೆಯವನು ಅನುಮಾನದಿಂದ ನೋಡಿದ. "ಅಮ್ಮಾ, ನೀವು ಇವನಿಗೆ ಏನಾಗ್ಬೇಕು?"

ನಾನು ಬಾಯಿ ಹಾಕಿದೆ. "ಏನೂ ಆಗ್ಬೇಕಿಲ್ಲ. ಬೇಕಾದ್ರೆ ಹಾಡು ಕೇಳು, ಅವನಿಗೆ ತಾಯೀನೇ ಇಲ್ಲ."

ಆಕೆ ಮಗನನ್ನು ನೋಡಲಿಲ್ಲ. ಚೀಲದ ಹಿಡಿಯನ್ನು ತಿರುಚುತ್ತ ನಿಂತರು. ಅವನು ಸುಮ್ಮನಿದ್ದರೆ ನಲವತ್ತು ಪೂರ್ತಿಯಾಗುತ್ತಿತ್ತು. ಸುಮ್ಮನಿರಪ್ಪ ಎಂದು ನಾನೂ ಕಣ್ಸನ್ನೆ ಮಾಡಿದೆ.

"ಇದಾಳೆ," ಎಂದ ಸಿಡಿಲ. "ನಮ್ಮಮ್ಮ ಇವ್ಳು."

ಹೋಯಿತು, ಫೋನ್ ಕವರೇ ಗತಿ ಎಂದುಕೊಂಡೆ. ಆದರೂ ಅವನ ಮೇಲೆ ಸಿಟ್ಟು ಬರಲಿಲ್ಲ.

ಪೆಟ್ಟಿಗೆಯವನು ಖಾಲಿ ಕಪಾಟನ್ನು ನೋಡಿದ, ತಾಯಿಯನ್ನು ನೋಡಿದ, ಜೇಬು ತಡಕಿ ದುಡ್ಡು ತೆಗೆದ.

"ಅದು ನಂಗಿರಲಿ ಅಕ್ಕಾ."

"ಮೂರನೆಯ ಹಾಡು ಕೇಳದೆ ಕೊಡಲ್ಲ," ಎಂದೆ.

ಹದಿನೈದು ವರ್ಷ ಡಿಸ್ಕ್ ಹೊತ್ತವನು ಮೊದಲ ಸಲ ಆ ಕುರ್ಚಿಯಲ್ಲಿ ಒರಗಿದ. ನಾನು ಟೀಗೆ ನೀರಿಟ್ಟೆ. ಹಾಡು ಮುಗಿದ ಮೇಲೆ ಅವನು ಎದ್ದು ಡಿಸ್ಕನ್ನೂ ಪೆನ್ನನ್ನೂ ಆಕೆಯ ಮುಂದೆ ಹಿಡಿದ.

ಆಕೆ ಪೆನ್ನನ್ನು ಮಗನ ಕೈಗೆ ಕೊಟ್ಟರು. "ಈ ಸಲ ನೀನು ಬರಿ, ನಾನು ಬದುಕಿದೀನಿ ಅಂತ."