ಹೊಳ್ಳಿ ಬರಲು ಎರಡು ಗೀಟು

ನಾನು ಗಾಳಿಯ ಭಾರವನ್ನು ಬರೆದಿಡುವ ಒಂದು ಯಂತ್ರ. ಬ್ಯಾರೋಗ್ರಾಫ್ ಎಂದು ಕರೆಯುತ್ತಾರೆ. ನನ್ನ ಕಥೆ ತಣ್ಣಗಿರುತ್ತದೆ ಎಂದುಕೊಂಡು ಕೂತವರು ಈಗಲೇ ಏಳಬಹುದು. ನನಗೆ ಒಬ್ಬರ ಮೇಲೆ ಹಗೆಯಿದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾನು ಹುಟ್ಟಿದ್ದು ಪುಣೆಯ ಒಂದು ಸಣ್ಣ ಕಾರ್ಖಾನೆಯಲ್ಲಿ. ಕಣ್ಣಿಗೆ ಭೂತಕನ್ನಡಿ ಕಟ್ಟಿಕೊಂಡ ಒಬ್ಬ ಮುದುಕ ನನ್ನ ಎದೆಯೊಳಗೆ ಎಂಟು ತಗಡಿನ ಡಬ್ಬಿಗಳನ್ನು ಒಂದರ ಮೇಲೊಂದು ಕೂರಿಸಿದ. ಅವುಗಳಲ್ಲಿ ಗಾಳಿಯಿಲ್ಲ. ಹೊರಗಿನ ಗಾಳಿ ಭಾರವಾದರೆ ಅವು ಕುಗ್ಗುತ್ತವೆ, ಹಗುರಾದರೆ ಉಬ್ಬುತ್ತವೆ. ಆ ಕುಗ್ಗು ಉಬ್ಬನ್ನು ಉದ್ದನೆಯ ಒಂದು ಮುಳ್ಳು ಹಿಡಿದುಕೊಂಡು, ತಿರುಗುವ ಉರುಳೆಗೆ ಸುತ್ತಿದ ಕಾಗದದ ಮೇಲೆ ನೇರಳೆ ಮಸಿಯಲ್ಲಿ ಗೀಟೆಳೆಯುತ್ತದೆ. ಕಾಗದದ ತುಂಬ ಅಚ್ಚು ಹಾಕಿದ ಚೌಕಗಳಿವೆ, ಅವಕ್ಕೆ ಮನೆ ಎನ್ನುತ್ತಾರೆ. ಪಕ್ಕದಲ್ಲಿ ಒಂದು ಗುಂಡಿಯಿದೆ. ಅದನ್ನು ಒತ್ತಿದರೆ ಮುಳ್ಳು ಮೇಲಕ್ಕೊಮ್ಮೆ ಹಾರಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ, ಕಾಗದದ ಮೇಲೆ ಒಂದು ಪುಟ್ಟ ನಿಂತ ಗೀಟು ಉಳಿಯುತ್ತದೆ. ಇಷ್ಟು ಗಂಟೆಗೆ ನಾನು ಇಲ್ಲಿದ್ದೆ ಎಂದು ನೋಡುವವನು ಹಾಕುವ ಸಹಿ ಅದು. ಕೆಳಗೆ ಕಾಗದ ಇಡಲು ಒಂದು ಖಾನೆ. ಇಷ್ಟೇ ನನ್ನ ಶರೀರ. ಗುಂಡಿ ಮತ್ತು ಖಾನೆ ಎರಡನ್ನೂ ನೆನಪಿಟ್ಟುಕೊಳ್ಳಿ.

ಪುಣೆಯಿಂದ ನನ್ನನ್ನು ರಾಯಚೂರಿನ ಹವಾಮಾನ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ನನ್ನನ್ನು ನೋಡಿಕೊಳ್ಳುತ್ತಿದ್ದವನು ಬಸಲಿಂಗಪ್ಪ. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಕೀಲಿ ಕೊಟ್ಟು, ಕಾಗದ ಬದಲಿಸಿ, ಹಳೆಯದರ ಬೆನ್ನ ಮೇಲೆ ಪೆನ್ಸಿಲಿನಲ್ಲಿ ನಡೆದದ್ದನ್ನೆಲ್ಲ ಬರೆದಿಡುತ್ತಿದ್ದ. ಗಾಳಿ ಬೀಸಿದ್ದನ್ನು ಬರೆಯುತ್ತಿದ್ದ, ಆಫೀಸಿನ ಬೆಕ್ಕು ನನ್ನ ಗಾಜಿನ ಮೇಲೆ ಮಲಗಿದ್ದನ್ನೂ ಬರೆಯುತ್ತಿದ್ದ. ಹೀಗಾಗಿ ನನಗೆ ಅವನ ಮೇಲೆ ಪ್ರೀತಿ.

ಒಂದು ಏಪ್ರಿಲಿನಲ್ಲಿ ಅವನ ಅಕ್ಕನ ಊರಿಗೆ ಸುಂಟರಗಾಳಿ ಬಂತು. ಸುಂಟರಗಾಳಿಯೆಂದರೆ ಕಣದಲ್ಲಿ ಹೊಟ್ಟು ಎಬ್ಬಿಸಿ ಮಕ್ಕಳನ್ನು ನಗಿಸುವ ಪುಟ್ಟ ಸುಳಿಯಲ್ಲ. ಮೋಡದ ಹೊಟ್ಟೆಯಿಂದ ಸೊಂಡಿಲು ಇಳಿಸಿ ನೆಲ ಮುಟ್ಟುವಂಥದ್ದು. ಶಾಲೆಯ ತಗಡಿನ ಚಾವಣಿ ಎದ್ದು ಬಂದು ಅಕ್ಕನ ಮೇಲೆಯೇ ಬಿತ್ತು. ಮಣ್ಣು ಮಾಡಿ ಬಂದ ಬಸಲಿಂಗಪ್ಪ ನನ್ನ ಮುಂದೆ ಕುಳಿತು ಗಾಜು ಒರೆಸಿದ. ಆಮೇಲೆ ಹೇಳಿದ: "ಇಪ್ಪತ್ತು ನಿಮಿಷ ಮೊದಲ ಗೊತ್ತಾಗಿದ್ರ ಸಾಕಾಗಿತ್ತು. ಮನಿ ಬಿಟ್ಟು ಹಳ್ಳದಾಗ ಬೋರಲ ಮಲಗಿದ್ರೂ ಜೀವ ಉಳೀತಿತ್ತು."

ಆ ಇಪ್ಪತ್ತು ನಿಮಿಷ ಹುಡುಕುತ್ತೇವೆಂದು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವರು ಬಂದಾಗ ಬಸಲಿಂಗಪ್ಪ ತಾನಾಗಿ ಹೆಸರು ಕೊಟ್ಟ. ತಂಡದ ಮುಖ್ಯಸ್ಥರು ಡಾಕ್ಟರ್ ವಿಶ್ವಂಭರ. ಬಿಳಿ ಅಂಗಿ, ಮೆಲು ಮಾತು. ನಾನು ಮೊದಲೇ ಹೇಳಿದ ಹಗೆ ಇವರ ಮೇಲೆಯೇ.

ಕೆಲಸ ಹೀಗೆ. ವಿಶ್ವಂಭರ ಸಾಹೇಬರು ಲಿಂಗಸುಗೂರಿನ ಪ್ರವಾಸಿ ಮಂದಿರದ ಪಡಸಾಲೆಯಲ್ಲಿ ವೈರ್‌ಲೆಸ್ ಇಟ್ಟುಕೊಂಡು ಕೂರುವುದು. ನಾನು, ಬಸಲಿಂಗಪ್ಪ ಮತ್ತು ಚಾಲಕ ಖಾಜಾಸಾಬ ಜೀಪಿನಲ್ಲಿ ಸುಂಟರಗಾಳಿ ಬರುವ ದಾರಿಗೆ ಮುಂಚೆಯೇ ಹೋಗಿ ನಿಲ್ಲುವುದು. ಅದು ಹತ್ತಿರವಾಗುತ್ತಿದ್ದಂತೆ ಗಾಳಿಯ ಭಾರ ಹೇಗೆ ಇಳಿಯುತ್ತದೆ ಎಂಬುದನ್ನು ನಾನು ಬರೆಯುವುದು. ಅಪ್ಪಣೆ ಬಂದೊಡನೆ ಜೀಪು ತಿರುಗಿಸಿ ಓಡುವುದು. ನನ್ನ ಉರುಳೆಗೆ ಹೊಸ ಹಲ್ಲುಗಾಲಿ ಹಾಕಿ ಆರು ಗಂಟೆಗೊಂದು ಸುತ್ತು ತಿರುಗುವಂತೆ ಮಾಡಿದ್ದರು, ಹೀಗಾಗಿ ನಿಮಿಷದ ಲೆಕ್ಕವೂ ಸಿಗುತ್ತಿತ್ತು. ಸಾಹೇಬರೇ ಒಂದು ನಿಯಮ ಹಾಕಿದ್ದರು: ವೈರ್‌ಲೆಸ್‌ನಲ್ಲಿ 'ನಿಲ್ಲಿ' ಎಂಬ ಅಪ್ಪಣೆ ಬಂದರೆ ಗುಂಡಿ ಒಂದು ಸಲ ಒತ್ತಬೇಕು, 'ಹಿಂದಿರುಗಿ' ಎಂದರೆ ಎರಡು ಸಲ. ಹನ್ನೊಂದು ಸಲ ಹೋದೆವು. ಹನ್ನೊಂದು ಸಲವೂ ಕೊನೆಯಲ್ಲಿ ಬಸಲಿಂಗಪ್ಪ ಎರಡು ಸಲ ಒತ್ತಿ, "ಖಾಜಾ, ಹೊಳ್ಳಸು" ಎನ್ನುತ್ತಿದ್ದ. ಖಾಜಾ ಆಗಲೇ ಗೇರು ಹಾಕಿರುತ್ತಿದ್ದ. ಆ ಹನ್ನೊಂದು ಕಾಗದಗಳೂ ನನ್ನ ಖಾನೆಯಲ್ಲಿದ್ದವು.

ಅಪಾಯದ ಕೆಲಸವೆಂದು ಇಬ್ಬರಿಗೂ ಗೊತ್ತಿತ್ತು. ಆಲಿಕಲ್ಲಿಗೆ ಎರಡು ಸಲ ಜೀಪಿನ ಗಾಜು ಒಡೆದಿತ್ತು. ಆದರೂ ಹೋಗುತ್ತಿದ್ದರು, ಯಾಕೆಂದರೆ ಒಂದೊಂದು ಕಾಗದದಲ್ಲೂ ಆ ಇಪ್ಪತ್ತು ನಿಮಿಷ ಸ್ವಲ್ಪ ಸ್ವಲ್ಪವೇ ಕಾಣತೊಡಗಿತ್ತು. ಸುಂಟರಗಾಳಿಗೆ ಮೊದಲು ಗೀಟು ಒಂದು ಸಣ್ಣ ತಗ್ಗಿಗೆ ಇಳಿದಂತೆ ಇಳಿದು, ಏರಿ, ಆಮೇಲೆ ಪೂರಾ ಕುಸಿಯುತ್ತಿತ್ತು. ಮೊದಲ ಆ ಸಣ್ಣ ಇಳಿತವೇ ಎಚ್ಚರಿಕೆ. ಅದನ್ನು ಮೊದಲು ಗುರುತಿಸಿದ್ದು ಬಸಲಿಂಗಪ್ಪ, ಪೆನ್ಸಿಲಿನಲ್ಲಿ ಬರೆದೂ ಇಟ್ಟಿದ್ದ.

ಹನ್ನೆರಡನೆಯ ಸಲ ಚಿಕ್ಕಬೂದೂರಿನ ಮೂರುದಾರಿಯಲ್ಲಿ ನಿಂತೆವು. ಮೂರೂ ಐವತ್ತಕ್ಕೆ ನಿಲ್ಲಲು ಅಪ್ಪಣೆ, ಒಂದು ಗೀಟು. ಪಡುವಣದ ಮೋಡ ಹಸಿರು ಬಣ್ಣಕ್ಕೆ ತಿರುಗಿತು. ಹಕ್ಕಿಗಳ ಸದ್ದಿಲ್ಲ. ನನ್ನ ಮುಳ್ಳು ಇಳಿಯತೊಡಗಿತು.

ನಾಲ್ಕೂ ಐದಕ್ಕೆ ಬಸಲಿಂಗಪ್ಪ ವೈರ್‌ಲೆಸ್ ಹಿಡಿದ. "ಸರ್, ಗೀಟು ಐದು ಮನಿ ಇಳದದ. ಸೊಂಡಿ ಕಾಣಾಕತ್ತದ. ಹೊಳ್ಳಿ ಬರ್ತೀವ್ರಿ."

"ಇನ್ನು ಹತ್ತು ನಿಮಿಷ ಅಲ್ಲೇ ಇರಿ ಬಸಲಿಂಗಪ್ಪ" ಎಂದರು ಸಾಹೇಬರು. ಒಂದು ಗೀಟು.

ನಾಲ್ಕೂ ಹದಿನಾಲ್ಕಕ್ಕೆ ಮತ್ತೆ ಕೇಳಿದ.

"ಐದೇ ನಿಮಿಷ. ಇಂಥದ್ದು ಮತ್ತೆ ಸಿಗೋದಿಲ್ಲ. ನಾನು ಹೇಳೋವರೆಗೂ ಕದಲಬೇಡಿ."

"ಬಸಣ್ಣ, ಅವರೇನು ಹೇಳ್ತಾರ ಬಿಡ್ರಿ, ನಾ ಹೊಳ್ಳಸ್ತೀನಿ" ಎಂದ ಖಾಜಾ.

"ಅಪ್ಪಣಿ ಬರಲಿ ಖಾಜಾ. ಕಾಗದ ಅರ್ಧಕ್ಕ ನಿಂತ್ರ ಹನ್ನೊಂದು ಸಲ ಬಂದದ್ದೂ ನೀರಾಗ ಹೋದಂಗ" ಎಂದು ಬಸಲಿಂಗಪ್ಪ ಗುಂಡಿ ಒತ್ತಿದ. ಅದೇ ಅವನ ಕೊನೆಯ ಗೀಟು.

ನಾಲ್ಕೂ ಹದಿನೆಂಟಕ್ಕೆ ಅದು ಬಂತು. ನನ್ನ ಮುಳ್ಳು ಅಚ್ಚು ಹಾಕಿದ ಸಾಲುಗಳನ್ನೆಲ್ಲ ದಾಟಿ ಕಾಗದದ ಕೆಳ ಅಂಚಿಗೆ ಬಿತ್ತು. ಬಸಲಿಂಗಪ್ಪ ನನ್ನನ್ನು ಕಂಬಳಿಯಲ್ಲಿ ಸುತ್ತಿ ಸೀಟಿನ ಕೆಳಗೆ ನೂಕಿ ಮೇಲೆ ತಾನು ಮಲಗಿದ. ಜೀಪು ಮಗುಚಿತು. ಮುಳ್ಳು ಹುಚ್ಚು ಹಿಡಿದಂತೆ ಮೇಲಕ್ಕೂ ಕೆಳಕ್ಕೂ ಗೀಚಿ ನಿಂತಿತು. ಖಾಜಾ ಕಾಲುವೆಗೆ ಎಸೆಯಲ್ಪಟ್ಟ, ಕಾಲು ಮುರಿಯಿತು. ಬಸಲಿಂಗಪ್ಪನ ಮೇಲೆ ಕರೆಂಟಿನ ಕಂಬ ಬಿದ್ದಿತ್ತು. ನನ್ನ ಗಾಜು ಸಹ ಒಡೆದಿರಲಿಲ್ಲ. ಒಡೆದಿದ್ದರೂ ಅವನೊಬ್ಬ ಉಳಿದಿದ್ದರೆ ಎಷ್ಟೋ ಚೆನ್ನಾಗಿತ್ತು.

ಗಾಳಿಯ ಮೇಲೆ ನನಗೆ ಹಗೆಯಿಲ್ಲ. ಅದು ತನ್ನ ಪಾಡಿಗೆ ಬಂತು, ಹೋಯಿತು, ಸುಳ್ಳು ಹೇಳಲಿಲ್ಲ.

ಸುಳ್ಳು ಹೇಳಿದವರು ವಿಶ್ವಂಭರ ಸಾಹೇಬರು. ವಿಚಾರಣೆಯಲ್ಲಿ, 'ನಾಲ್ಕೂ ಐದಕ್ಕೆ ಹಿಂದಿರುಗಲು ಹೇಳಿದ್ದೆ, ಚಾಲಕ ಹುಚ್ಚು ಧೈರ್ಯ ಮಾಡಿದ' ಎಂದು ಬರೆದುಕೊಟ್ಟರು. ಊರುಗೋಲು ಹಿಡಿದು ಬಂದ ಖಾಜಾ ಕಾಗದ ತೋರಿಸಿ, "ನೋಡ್ರಿ, ಒಂದೊಂದಽ ಗೀಟು ಅದಾವ. ಹೊಳ್ಳು ಅಂದಿದ್ರ ಎರಡು ಇರತಿದ್ವು" ಎಂದು ಬಡಕೊಂಡ. "ಅವು ಜೀಪಿನ ಕುಲುಕಾಟದ ಗುರುತು" ಎಂದರು ಸಾಹೇಬರು ಮೆಲ್ಲಗೆ. ಉಳಿದ ಹನ್ನೊಂದು ಕಾಗದ ಎಲ್ಲಿ ಎಂದಾಗ ಗಾಳಿಗೆ ಹಾರಿಹೋದವು ಎಂದರು. ಬಸಲಿಂಗಪ್ಪ ಅವನ್ನು ಎಲ್ಲಿಡುತ್ತಿದ್ದನೆಂದು ಖಾಜಾನಿಗೆ ಗೊತ್ತಿರಲಿಲ್ಲ. ವಿಚಾರಣೆಗೆ ಕೂತವರು ಜನ್ಮದಲ್ಲಿ ಇಂಥ ಕಾಗದ ಓದಿದವರಲ್ಲ, ತಲೆಯಾಡಿಸಿದರು. ಖಾಜಾನ ಕೆಲಸ ಹೋಯಿತು. ಬಸಲಿಂಗಪ್ಪನ ಮನೆಗೆ ಹೋದರೆ ಅವನ ಹೆಂಡತಿ, "ನನ್ನ ಗಂಡನ್ನ ಸಾವಿನ ಬಾಯಿಗೆ ಹೊಡಕೊಂಡು ಹೋದಾವ, ಹೊಸ್ತಿಲ ತುಳಿಬ್ಯಾಡ" ಎಂದು ಕದ ಹಾಕಿಕೊಂಡಳಂತೆ. ಒಳಗೆ ಹನ್ನೊಂದು ವರ್ಷದ ಮಗಳು ಗಂಗಾಂಬಿಕಾ ಅದನ್ನು ಕೇಳುತ್ತ ನಿಂತಿದ್ದಳಂತೆ. ಇದು ನಾನು ಮುಂದೆ ಖಾಜಾನ ಬಾಯಲ್ಲೇ ಕೇಳಿದ್ದು.

ಆ ಹನ್ನೊಂದು ಕಾಗದ ಎಲ್ಲೂ ಹಾರಿರಲಿಲ್ಲ. ಜೀಪು ಮಗುಚಿದಾಗ ನನ್ನ ಖಾನೆ ವಾರೆಯಾಗಿ ಸಿಕ್ಕಿಕೊಂಡಿತ್ತು. ಸಾಹೇಬರು ಒಂದು ಸಲ ಎಳೆದು ನೋಡಿದರು, ಬರಲಿಲ್ಲ, ಬಿಟ್ಟರು. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದು ದೊಡ್ಡವರು ಹೇಳುತ್ತಾರೆ. ನಾನೂ ಹಾಕಿಕೊಂಡೆ, ಆದರೆ ಮರೆಯಲಿಕ್ಕಲ್ಲ.

ನನ್ನನ್ನು ಬೆಂಗಳೂರಿಗೆ ಒಯ್ದು ಸಂಸ್ಥೆಯ ದೊಡ್ಡ ಹಜಾರದಲ್ಲಿ ಇಟ್ಟರು. ಮೇಲೆ ಗೋಡೆಗೆ ಆ ಹನ್ನೆರಡನೆಯ ಕಾಗದ, ಚೌಕಟ್ಟು ಹಾಕಿಸಿ. ಸುಂಟರಗಾಳಿಯ ನಡುವಿನ ಗೀಟು ಅಷ್ಟು ಪೂರಾ ಬೇರೆಲ್ಲೂ ಸಿಕ್ಕಿಲ್ಲವೆಂದು ಸಾಹೇಬರಿಗೆ ಶಾಲು, ಹಾರ, ಪದಕ. ಕಾಗದವನ್ನು ಮುಚ್ಚಿಡುವಂತಿಲ್ಲ, ಅದೇ ಅವರ ಕೀರ್ತಿ. ಕತ್ತರಿಸುವಂತಿಲ್ಲ, ಕತ್ತರಿಸಿದರೆ ಯಾರೂ ನಂಬುವುದಿಲ್ಲ. ಹೀಗೆ ಕಳ್ಳ ತನ್ನ ಕಳವಿನ ಗುರುತನ್ನು ತಾನೇ ಗೋಡೆಗೆ ತೂಗುಹಾಕಿಕೊಂಡು ಹತ್ತೊಂಬತ್ತು ವರ್ಷ ಅದರ ಕೆಳಗೆ ಓಡಾಡಿದ. ನೋಡಲು ಬಂದವರಿಗೆಲ್ಲ ಒಂದೇ ಮಾತು: "ಅಪಾಯ ಇಲ್ಲದೆ ಜ್ಞಾನ ಇಲ್ಲ." ಅಪಾಯ ಯಾರದು, ಜ್ಞಾನ ಯಾರ ಹೆಸರಿನಲ್ಲಿ ಎಂದು ಯಾರೂ ಕೇಳಲಿಲ್ಲ. ಪದಕ ಬಂದ ದಿನ ನನ್ನ ಮುಚ್ಚಳ ಎತ್ತಿ ಮುಳ್ಳು ತೋರಿಸಹೋದರು. ತುದಿಯಲ್ಲಿ ಒಂದು ಹನಿ ಹಳೆಯ ಮಸಿ ಉಳಿದಿತ್ತು. ಬಿಳಿ ತೋಳಿಗೆ ಬಳಿದೆ. ಆ ಮಸಿ ಒಗೆದರೆ ಹೋಗುವುದಿಲ್ಲ. ಆ ದಿನ ನನಗೆ ಬಹಳ ಸಂತೋಷವಾಯಿತು.

ಕೊನೆಗೆ ಅವರ ನಿವೃತ್ತಿಯ ವರ್ಷ ಬಂತು. ಸುಂಟರಗಾಳಿಯ ಹಿಂದೆ ಹೋಗಲು ಹೊಸ ತಂಡವೊಂದನ್ನು ಸಿದ್ಧ ಮಾಡುತ್ತಿದ್ದರು. ತರಬೇತಿಗೆ ಬಂದ ಹತ್ತು ಜನರಲ್ಲಿ ರಾಯಚೂರು ಕೇಂದ್ರದಿಂದ ಬಂದವಳೊಬ್ಬಳಿದ್ದಳು. ಅಪ್ಪನ ಕೆಲಸವನ್ನೇ ಹಿಡಿದ ಗಂಗಾಂಬಿಕಾ. ಸಾಹೇಬರಿಗೆ ಅವಳ ಗುರುತಿಲ್ಲ. ಅವರು ಎಂದಿನಂತೆ ಭಾಷಣ ಮಾಡುತ್ತಿದ್ದಾಗ ಅವಳು ಚೌಕಟ್ಟಿನ ಹತ್ತಿರ ಹೋಗಿ ನಿಂತಳು.

"ಸರ್, ಈ ಮೂರು ಸಣ್ಣ ಗೀಟು ಏನ್ರಿ?"

"ಜೀಪಿನ ಕುಲುಕಾಟ."

"ಕುಲುಕಾಟ ಇಲ್ಲಿ ಅದ ನೋಡ್ರಿ" ಎಂದು ಅವಳು ಕಾಗದದ ಕೊನೆಯ ಗೀಚನ್ನು ತೋರಿಸಿದಳು. "ಮ್ಯಾಲೂ ಹೋಗ್ಯದ, ಕೆಳಗೂ ಬಂದದ. ಈ ಮೂರು ಬರೇ ಮ್ಯಾಲಕ್ಕ ಹೋಗ್ಯಾವ. ಇವು ಬೆರಳಿನವು ಸರ್. ನಾ ದಿನಾ ಹಾಕ್ತೀನಿ."

ಅವಳು ನನ್ನ ಕಡೆ ತಿರುಗಿದಳು. ಈ ಜಾತಿಯ ಯಂತ್ರಕ್ಕೆ ಖಾನೆಯಿರುತ್ತದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೈಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಸಂದಿಗೆ ಕೊಟ್ಟು ಮೀಟಿದಳು. ನಾನು ಹತ್ತೊಂಬತ್ತು ವರ್ಷ ಬಿಗಿಹಿಡಿದಿದ್ದನ್ನು ಒಂದೇ ಸಲಕ್ಕೆ ಬಿಟ್ಟುಕೊಟ್ಟೆ.

ಹನ್ನೊಂದು ಕಾಗದ. ಹನ್ನೊಂದರ ಕೊನೆಯಲ್ಲೂ ಜೋಡಿ ಗೀಟು. ಅವಳು ಒಂದರ ಬೆನ್ನು ತಿರುಗಿಸಿ ಅಪ್ಪನ ಅಕ್ಷರವನ್ನು ಗಟ್ಟಿಯಾಗಿ ಓದಿದಳು: "ಒಂದು ಒತ್ತಿದರೆ ನಿಲ್ಲಲು ಅಪ್ಪಣೆ. ಎರಡು ಒತ್ತಿದರೆ ಹಿಂದಿರುಗಲು. ಡಾಕ್ಟರ್ ಸಾಹೇಬರ ನಿಯಮ." ಮತ್ತೆ ಗೋಡೆ ನೋಡಿದಳು. "ಇದರಾಗ ಜೋಡಿ ಇಲ್ಲ ಸರ್. ನಾಲ್ಕೂ ಐದಕ್ಕ ಒಂದಽ ಅದ. ಹೊಳ್ಳಿ ಬರ್ರಿ ಅಂತ ನೀವು ಹೇಳೇ ಇಲ್ಲ."

ಸಾಹೇಬರು ಕುರ್ಚಿಯ ಬೆನ್ನು ಹಿಡಿದುಕೊಂಡರು. "ನೋಡಮ್ಮಾ, ನಾನು ಕೇಳಿದ್ದು ಬರೀ ಐದು ನಿಮಿಷ" ಎಂದರು.

ಐದು ನಿಮಿಷದ ಮಾತನ್ನು ಅಲ್ಲಿ ಯಾರೂ ಎತ್ತಿರಲಿಲ್ಲ. ಅದು ಗೊತ್ತಿದ್ದವರು ಮೂವರೇ. ಒಬ್ಬ ಮಣ್ಣಿನಲ್ಲಿದ್ದ, ಇನ್ನೊಬ್ಬನ ಮಾತನ್ನು ಯಾರೂ ನಂಬಿರಲಿಲ್ಲ. ಹೇಳಿದ ಮೇಲೆ ಸಾಹೇಬರಿಗೂ ಅದು ಹೊಳೆಯಿತು, ಮುಖದಲ್ಲಿ ರಕ್ತವಿರಲಿಲ್ಲ. "ಆ ಐದು ನಿಮಿಷದಾಗ ಹೋದಾವ ನಮ್ಮಪ್ಪ, ಸರ್" ಎಂದಳು ಗಂಗಾಂಬಿಕಾ.

ಶಿಕ್ಷೆ ಏನಾಯಿತು ಎನ್ನುವಿರಾ? ವಿಚಾರಣೆಯ ವರದಿ ತಿದ್ದಿದರು. ಪದಕ ವಾಪಸು ಪಡೆದರು. ಬೀಳ್ಕೊಡುಗೆಗೆ ಒಬ್ಬರೂ ಬರಲಿಲ್ಲ. ನನಗೆ ಇದು ಸಾಲದು. ಒಂದು ಜೀವಕ್ಕೂ ಒಬ್ಬನ ಹತ್ತೊಂಬತ್ತು ವರ್ಷಕ್ಕೂ ಇದು ಯಾವ ಲೆಕ್ಕ? ಆದರೂ ಆ ಬಿಳಿಚಿದ ಮುಖವನ್ನು ದಿನಕ್ಕೊಮ್ಮೆ ನೆನೆದು ಸುಖಪಡುತ್ತೇನೆ. ತಪ್ಪು ಅನ್ನುವವರು ಅನ್ನಲಿ.

ಈಗ ನಾನು ರಾಯಚೂರು ಕೇಂದ್ರದ ಕಿಟಕಿಯ ಮೂಲೆಯಲ್ಲಿದ್ದೇನೆ. ಗಾಳಿಯ ಭಾರವನ್ನು ಕಂಪ್ಯೂಟರು ಬರೆಯುತ್ತದೆ. ಬಸಲಿಂಗಪ್ಪ ಗುರುತಿಸಿ ಬರೆದಿಟ್ಟಿದ್ದ ಆ ಸಣ್ಣ ಇಳಿತವನ್ನು ನೋಡಿಯೇ ಹೋದ ವೈಶಾಖದಲ್ಲಿ ಒಂದು ಊರಿಗೆ ಮುಂಚಿತವಾಗಿ ಸುದ್ದಿ ಮುಟ್ಟಿಸಿದರಂತೆ. ಇಪ್ಪತ್ತಲ್ಲ, ಹದಿನೇಳು ನಿಮಿಷ. ಮನೆಗಳು ಬಿದ್ದವು, ಜನ ಹಳ್ಳದಲ್ಲಿ ಬೋರಲು ಮಲಗಿ ಉಳಿದರು. ಗಂಗಾಂಬಿಕಾ ಈಗಲೂ ಜೀಪಿನಲ್ಲಿ ಹೋಗುತ್ತಾಳೆ. ಹೊಸ ತಂಡದ ನಿಯಮದ ಮೊದಲ ಸಾಲು ಅವಳದೇ: ಗೀಟು ಐದು ಮನೆ ಇಳಿದರೆ ಯಾರ ಅಪ್ಪಣೆಯೂ ಬೇಡ, ಹೊಳ್ಳಿ ಬರುವುದು.

ಹೋದ ಸೋಮವಾರ ಅವಳು ಖಾಜಾಸಾಬನನ್ನು ಕರೆದುಕೊಂಡು ಬಂದಳು. ಗಡ್ಡ ಪೂರಾ ಬೆಳ್ಳಗಾಗಿದೆ, ಕಾಲು ಎಳೆದು ನಡೆಯುತ್ತಾನೆ. ಅವಳ ಅವ್ವ ಕದ ಹಾಕಿಕೊಂಡ ದಿನದ ಮಾತನ್ನು ಅವನೇ ಹೇಳಿದ, ಸಿಟ್ಟಿಲ್ಲದೆ ಹೇಳಿದ. ಅವಳು ತಲೆ ತಗ್ಗಿಸಿದಳು.

"ಕಾಕಾ, ಇಷ್ಟು ವರ್ಷ ನಿಮ್ಮನ್ನ ಶಪಿಸೀನಿ ನಾ."

"ನನ್ನನ್ನ ನಾನೂ ಶಪಿಸೀನವ್ವ" ಎಂದ ಖಾಜಾ. "ಅಪ್ಪಣಿ ಕೇಳದಽ ಹೊಳ್ಳಸಬೇಕಾಗಿತ್ತು."

ಅವಳು ನನಗೆ ಕೀಲಿ ಕೊಟ್ಟಳು, ಹೊಸ ಕಾಗದ ಸುತ್ತಿದಳು, ಮುಳ್ಳಿಗೆ ಮಸಿ ಹಾಕಿದಳು. ಎಷ್ಟೋ ವರ್ಷದ ಮೇಲೆ ನನ್ನ ಉರುಳೆ ಟಿಕ್ ಟಿಕ್ ಎಂದಿತು. ಆಮೇಲೆ ಅವನ ಬೆರಳು ಹಿಡಿದು ಗುಂಡಿಯ ಮೇಲೆ ಇಟ್ಟಳು.

"ಒತ್ತರಿ ಕಾಕಾ. ಎರಡು ಸಲ."

ಖಾಜಾ ಒತ್ತಿದ. ಮುಳ್ಳು ಎರಡು ಸಲ ಮೇಲಕ್ಕೆ ಹಾರಿತು. ಅವನು ಆ ಜೋಡಿ ಗೀಟನ್ನು ನೋಡುತ್ತ ನಿಂತ. ಆಮೇಲೆ ಪಕ್ಕದ ಸೀಟಿನಲ್ಲಿ ಕೂತವನಿಗೆ ಹೇಳುವಂತೆ ಮೆಲ್ಲಗೆ ಹೇಳಿದ: "ಅಪ್ಪಣಿ ಬಂತ್ರಿ ಬಸಣ್ಣ. ಹೊಳ್ಳಸ್ತೀನಿ."