ಜಪಾನಿನಿಂದ ಬಂದ ನೆಲ ಒರೆಸುವ ಬಟ್ಟೆ

ನಾನು ನೆಲ ಒರೆಸುವ ಒಂದು ಬಟ್ಟೆ. ಹುಟ್ಟಿದ್ದು ಜಪಾನಿನ ಸಣ್ಣ ಪಟ್ಟಣವೊಂದರಲ್ಲಿ. ಅಜ್ಜಿಯೊಬ್ಬಳು ಹಳೆಯ ಟವೆಲನ್ನು ಮಡಿಸಿ, ನೀಲಿ ದಾರದಲ್ಲಿ ಹೊಲಿದು, ಮೊಮ್ಮಗಳು ಹೊನೊಕಾಳ ಕೈಗೆ ಕೊಟ್ಟಳು. ನನ್ನಂಥವರಿಗೆ ಅಲ್ಲಿ ಜೋಕಿನ್ ಎಂದು ಹೆಸರು. ಅಲ್ಲಿನ ಶಾಲೆಗಳಲ್ಲಿ ಮಕ್ಕಳೇ ತಮ್ಮ ಕೋಣೆ ಗುಡಿಸಿ ಒರೆಸುತ್ತಾರೆ. ಹೊನೊಕಾ ಎರಡೂ ಕೈಗಳನ್ನು ನನ್ನ ಮೇಲೂರಿ ಮರದ ನೆಲದುದ್ದಕ್ಕೂ ಓಡುತ್ತಿದ್ದಳು. ನಾನು ಹೆಚ್ಚಾಗಿ ಕಂಡದ್ದು ಮಕ್ಕಳ ಕಾಲ್ಬೆರಳುಗಳನ್ನೇ.

ಅವಳ ತಂದೆಗೆ ತುಮಕೂರಿನ ಬಳಿಯ ಕಾರ್ಖಾನೆಯೊಂದರಲ್ಲಿ ಕೆಲಸವಾಯಿತು. ಸಾಮಾನುಗಳ ಜೊತೆ ನಾನೂ ಬಂದೆ. ಎರಡು ವರ್ಷ ಕಳೆಯುವಷ್ಟರಲ್ಲಿ ತಾಯಿ ಸಾಯಾಕಾ ಅಲ್ಪಸ್ವಲ್ಪ ಕನ್ನಡ ಕಲಿತರು. ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಯ ಗಿರಿಜಾಂಬ ಟೀಚರ್, ಜಪಾನಿನ ಬಗ್ಗೆ ಮಕ್ಕಳಿಗೆ ಹೇಳಿಕೊಡಿ ಎಂದು ಅವರನ್ನು ಕರೆದರು.

ನಾಲ್ಕನೇ ತರಗತಿಯ ಮಕ್ಕಳು ಕಾಗದದ ಕೊಕ್ಕರೆ ಮಡಿಸಿದರು. ಜಪಾನಿನವರಂತೆ ಎರಡು ಕಡ್ಡಿಗಳಲ್ಲಿ ಅವರೆಕಾಳು ಎತ್ತಲು ಹೋಗಿ ಕೋಣೆಯ ತುಂಬ ಚೆಲ್ಲಿದರು. ಆಮೇಲೆ ಸಾಯಾಕಾ ನನ್ನನ್ನು ಎತ್ತಿ ತೋರಿಸಿ, "ಇದು ಜೋಕಿನ್" ಎಂದರು.

"ಜೋಕಾ ಮಿಸ್?" ಎಂದು ಚೇತನ್ ಎಂಬ ಹುಡುಗ ಕೇಳಿದಾಗ ಎಲ್ಲರೂ ನಕ್ಕರು.

ಆ ನಗುವಿನ ನಡುವೆಯೇ ಹಿಂದಿನ ಸಾಲಿನಿಂದ ಸುಕನ್ಯಾ ಎದ್ದಳು. ಯಾರೂ ಹೇಳಿರಲಿಲ್ಲ. ಮೂಲೆಯ ಪೊರಕೆ ತಂದು ಕಾಳು ಗುಡಿಸತೊಡಗಿದಳು.

"ಇವತ್ತು ಇವಳ ಸರದಿಯಾ?" ಸಾಯಾಕಾ ಕೇಳಿದರು.

"ಸರದಿ ಗಿರದಿ ಇಲ್ಲ ಮೇಡಂ. ಒಂದನೇ ಕ್ಲಾಸಿಂದ ಅವಳೇ ಗುಡಿಸೋದು," ಎಂದ ಚೇತನ್. "ಅವರಮ್ಮನೂ ಬೀದಿ ಗುಡಿಸ್ತಾರಲ್ಲ, ಅದಕ್ಕೆ."

ಅವನು ಕೊಂಕಿನಿಂದ ಹೇಳಲಿಲ್ಲ. ಮಳೆ ಬಂದರೆ ನೆಲ ನೆನೆಯುತ್ತದೆ ಎಂಬಷ್ಟು ಸಹಜವಾಗಿ ಹೇಳಿದ. ಗಿರಿಜಾಂಬ ಟೀಚರ್ ಮುಖ ಕೆಂಪಾಯಿತು. "ನಾನೂ ದಿನಾ ನೋಡ್ತಿದ್ದೆ. ಯಾಕೆ ಅಂತ ಒಂದಿನವೂ ಕೇಳ್ಳಿಲ್ಲ," ಎಂದು ಮೆಲ್ಲಗೆ ಹೇಳಿ, ಸುಕನ್ಯಾಳ ಕೈಯಿಂದ ಪೊರಕೆ ತೆಗೆದುಕೊಂಡು ತಾವೇ ಬಗ್ಗಿದರು.

ಸಾಯಾಕಾ ನನ್ನನ್ನು ಆ ಶಾಲೆಗೇ ಬಿಟ್ಟುಹೋದರು. ಮರುದಿನ ಗೋಡೆಯ ಮೇಲೆ ಸರದಿಯ ಪಟ್ಟಿ ಬಂತು. ಮೊದಲ ಹೆಸರು ಟೀಚರದು, ಎರಡನೆಯದು ಚೇತನ್‌ನದು. ಅವನ ಸರದಿಯ ವಾರ ಅವನ ಅಪ್ಪ ಬಾಗಿಲಲ್ಲಿ ಬಂದು ನಿಂತರು.

"ನಮ್ಮ ಹುಡುಗನ ಕೈಲಿ ನೆಲ ಒರೆಸಿಸ್ತಿದೀರಂತೆ? ಆ ಹುಡುಗಿ ಇಲ್ವಾ?"

"ಇದಾಳೆ. ಅವಳ ಸರದಿ ಮುಂದಿನ ತಿಂಗಳು," ಎಂದರು ಟೀಚರ್.

ಅಪ್ಪ ಗೊಣಗುತ್ತಾ ಹೋದರು. ಚೇತನ್ ಒಂದು ಕ್ಷಣ ಅವರತ್ತ ನೋಡಿ, ಮತ್ತೆ ನನ್ನನ್ನು ಬಕೆಟ್ಟಿನಲ್ಲಿ ಅದ್ದಿದ.

ಸುಕನ್ಯಾ ಅಂದೂ ಅಭ್ಯಾಸಬಲದಿಂದ ಎಲ್ಲರಿಗಿಂತ ಮೊದಲೇ ಬಂದಿದ್ದಳು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಗೋಡೆಗೊರಗಿ ನಿಂತಿದ್ದಳು. "ಹೋಗು, ಆಡ್ಕೋ ಹೋಗಮ್ಮ," ಎಂದು ಟೀಚರ್ ಎರಡು ಸಲ ಹೇಳಬೇಕಾಯಿತು. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಕುಂಟೆಬಿಲ್ಲೆಯ ಸದ್ದು ಕೇಳಿತು. ಬಕೆಟ್ಟಿನ ಅಂಚಿನಲ್ಲಿ ನೇತಾಡುತ್ತಾ ಅದನ್ನೇ ಕೇಳುತ್ತಿದ್ದೆ.

ಈಗ ನಾನು ಸವೆದು ಜಾಳಾಗಿದ್ದೇನೆ. ಹೊಸ ಬಟ್ಟೆಗಳನ್ನು ಮಕ್ಕಳೇ ಹೊಲಿದು ತಂದಿದ್ದಾರೆ. ಕಿಟಕಿಯ ಸರಳಿನ ಮೇಲೆ ಒಣಗುತ್ತಾ ಯೋಚಿಸುತ್ತೇನೆ: ಎಷ್ಟೋ ಕೊಳೆ ಒರೆಸಿದೆ. ಆದರೆ ಆ ಹುಡುಗಿ ಆಡದೆ ಕಳೆದ ಮೂರು ವರ್ಷದ ಬೆಳಗುಗಳನ್ನು ಮರಳಿ ಕೊಡುವುದು ನನ್ನಿಂದಾಗದು.